ಸಪ್ಪಳ ನಿಂತ ದವಡೆ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಅಂಬವ್ವನ ಮನೆ ಯಾವುದೆಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಆ ಮನೆಗೆ ಗುರುತು ಬಾಗಿಲಲ್ಲ, ಗದ್ದ. ಅಂಬವ್ವನ ಗಂಡನಿಗೆ ಕೆಳದವಡೆ ತುಸು ಮುಂದಿತ್ತು. ಆ ಗದ್ದ ಮಕ್ಕಳನ್ನೆಲ್ಲ ಬಿಟ್ಟು ನೇರವಾಗಿ ಇಬ್ಬರು ಮೊಮ್ಮಕ್ಕಳಿಗೆ ಬಂದಿತ್ತು. ಹಿರಿಮಗನ ಮಗಳು ಸುನಿತಾ, ಕಿರಿಮಗನ ಮಗಳು ಬನಶ್ರೀ. ಒಂದೇ ಅಂಗಳ, ಒಂದೇ ವಯಸ್ಸು, ಒಂದೇ ಗದ್ದ.

ಕೆಳಗಿನ ಹಲ್ಲು ಮೇಲಿನ ಹಲ್ಲಿಗಿಂತ ಮುಂದೆ ಬಂದು ಕೂತರೆ ಬದುಕು ಹೇಗಿರುತ್ತದೆಂದು ಅವರನ್ನೇ ಕೇಳಬೇಕು. ಪೇರಲಹಣ್ಣು ಕಚ್ಚಿದರೆ ಹಲ್ಲಿನ ಗುರುತು ಬೀಳುತ್ತಿತ್ತು, ಹಣ್ಣು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗರು ಇಟ್ಟ ಅಡ್ಡಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ. ಇಬ್ಬರೂ ಒಟ್ಟಿಗೆ ಬೈಸಿಕೊಂಡು ಒಟ್ಟಿಗೆ ಅಳುತ್ತಿದ್ದರು. ಹಾಗಾಗಿ ದುಃಖ ಇಬ್ಬರಿಗೂ ಅರ್ಧರ್ಧ ಹಂಚಿಹೋಗುತ್ತಿತ್ತು.

ಆಮೇಲೆ ಬನಶ್ರೀ ಓದಲೆಂದು ಬಾಗಲಕೋಟೆಗೆ ಹೋಗಿ ವಿದ್ಯಾಗಿರಿಯ ಸೋದರತ್ತೆಯ ಮನೆಯಲ್ಲಿ ನಿಂತಳು. ಊರಿಗೆ ಬರುವುದು ಕಡಿಮೆಯಾಯಿತು. ಒಂದು ಸಲ ಬಂದಾಗ ಹಲ್ಲಿಗೆ ತಂತಿ ಇತ್ತು. ಅದನ್ನು ನೋಡಿ ಸುನಿತಾಳೂ ಹಟ ಮಾಡಿ ಬಾಗಲಕೋಟೆಯ ಅದೇ ಹಲ್ಲಿನ ದವಾಖಾನೆಯಲ್ಲಿ ತಂತಿ ಹಾಕಿಸಿಕೊಂಡಳು. ಇನ್ನೊಂದು ಸಲ ಬಂದಾಗ ಬನಶ್ರೀಯ ಮುಖವೇ ಬದಲಾಗಿತ್ತು. ದವಡೆಯ ಆಪರೇಷನ್ ಆಗಿ, ಬಾವು ಇಳಿದು, ಹಲ್ಲಿಗೆ ಹಲ್ಲು ಕೂತು, ನಗು ಅದರ ಜಾಗಕ್ಕೆ ಬಂದಿತ್ತು. ಓಣಿಯವರೆಲ್ಲ ಬಂದು ನೋಡಿದರು. "ನನಗೇನೂ ತ್ರಾಸ ಆಗ್ಲಿಲ್ರಿ. ಹೋದೆ, ಮಾಡಿಸ್ಕೊಂಡೆ, ಬಂದೆ," ಎಂದಳು ಬನಶ್ರೀ. ವರ್ಷ ತುಂಬುವುದರೊಳಗೆ ಹುನಗುಂದದ ಹುಡುಗನೊಬ್ಬ ಅವಳನ್ನು ಒಪ್ಪಿದ.

ಸುನಿತಾಳ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆಗಲೇ. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಏನು ಬಂತು? ತಂಗಿಯಂಥವಳು ಚೆಂದ ಕಾಣುತ್ತಾಳೆಂದರೆ ಸಂತೋಷಪಡಬೇಕು, ನಿಜ. ಆದರೆ ನಿನ್ನೆಯ ತನಕ ನಿನ್ನ ಹಾಗೇ ಇದ್ದವಳು ಇಂದು ನಿನ್ನ ಹಾಗಿಲ್ಲವೆಂದರೆ ಎದೆಯಲ್ಲಿ ಖಾರ ಅರೆದ ಹಾಗೆ ಆಗುತ್ತದೆ. ಬನಶ್ರೀ ನಕ್ಕರೆ ಸುನಿತಾ ಅತ್ತ ತಿರುಗುವಳು. ಬನಶ್ರೀ ಕನ್ನಡಿಯ ಮುಂದೆ ನಿಂತರೆ ಇವಳು ಪಾತ್ರೆ ಕುಕ್ಕುವಳು. ಅದರ ಮೇಲೆ ಒಂದು ನೀಲಿ ಡಬ್ಬಿ ಬೇರೆ. ಅಂಗೈಯಷ್ಟಗಲದ ಆ ಡಬ್ಬಿಯನ್ನು ಬನಶ್ರೀ ಯಾವಾಗಲೂ ತನ್ನ ಕೈಚೀಲದಲ್ಲೇ ಇಡುತ್ತಿದ್ದಳು, ಯಾರಿಗೂ ತೋರಿಸುತ್ತಿರಲಿಲ್ಲ. ಹುನಗುಂದದವರು ಗುಟ್ಟಾಗಿ ಕಳಿಸಿದ ಬೆಂಡೋಲೆ ಇರಬೇಕೆಂದು ಸುನಿತಾ ತಾನೇ ತೀರ್ಮಾನಿಸಿಕೊಂಡಳು. ಆ ಡಬ್ಬಿ ಕಣ್ಣಿಗೆ ಬಿದ್ದಾಗಲೆಲ್ಲ ಊಟ ಸೇರುತ್ತಿರಲಿಲ್ಲ.

ಅವಳಿಗೆ ಬೇಕಾದದ್ದು ಒಂದೇ. ಬನಶ್ರೀಯ ಮದುವೆಯೊಳಗೆ ತನ್ನ ಆಪರೇಷನ್ ಆಗಬೇಕು. ಮದುವೆಯ ಫೋಟೋದಲ್ಲಿ ಅವಳ ಮಗ್ಗುಲಲ್ಲಿ ಅಜ್ಜನ ಗದ್ದ ಹೊತ್ತು ನಿಲ್ಲಬಾರದು.

ಹಾಗೆಂದು ಅಂಬವ್ವನನ್ನು ಕರೆದುಕೊಂಡು ಬಾಗಲಕೋಟೆಗೆ ಹೋದಳು. ಡಾಕ್ಟರ್ ಫರಹಾನಾ ಹಲ್ಲು ನೋಡಿದರು, ತಂತಿ ನೋಡಿದರು, ಚಲೋ ಆಗೈತಿ ಎಂದರು. ಆಮೇಲೆ ಅವಳ ಎರಡೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಲು ಹೇಳಿದರು. ಎಡಗಡೆ 'ಕಟಕ್' ಎಂದಿತು.

"ಈ ಸಪ್ಪಳ ಯಾವಾಗಿಂದ ಐತಿ?"

"ಇವತ್ತಷ್ಟ ಬಂದೈತ್ರಿ."

"ನೋವು? ಮುಂಜಾನೆ ಎದ್ದಾಗ ಬಾಯಿ ಹಿಡದಂಗ ಆಗೋದು?"

"ಏನೂ ಇಲ್ರಿ."

ಎರಡೂ ಸುಳ್ಳು. ಸಪ್ಪಳ ಎಷ್ಟೋ ವರ್ಷದ್ದು. ಕೆಲವು ದಿನ ಬೆಳಗ್ಗೆ ದವಡೆ ಬಿಗಿದು, ಕಿವಿ ಮಿಡಿಯುತ್ತಿತ್ತು. ಆದರೆ ಬನಶ್ರೀಗೆ ಏನೂ ಇರಲಿಲ್ಲ, ಅವಳಿಗೆ ತಾರೀಖು ಸಿಕ್ಕಿತ್ತು. ತನಗೆ ಏನೋ ಇದೆ ಎಂದರೆ ತಾರೀಖು ಮುಂದೆ ಹೋಗುತ್ತದೆಂದು ಸುನಿತಾ ಲೆಕ್ಕ ಹಾಕಿದ್ದಳು.

ಡಾಕ್ಟರು ಅವಳ ಮುಖವನ್ನೇ ನೋಡಿದರು. "ನಿನ್ನ ಗದ್ದ ಬರೇ ಮುಂದ ಬಂದಿಲ್ಲ, ಎಡಕ್ಕೂ ವಾಲೈತಿ. ಅಂಥವರಿಗೆ ಎರಡೂ ಕಡೆ ಕೀಲು ಒಂದ ನಮೂನಿ ಇರೂದಿಲ್ಲ. ಸ್ಕ್ಯಾನ್ ಮಾಡಿ ನೋಡೂಣು, ಆಮ್ಯಾಲ ತಾರೀಖು. ಅಲ್ಲೀಮಟ ಗಟ್ಟಿ ಪದಾರ್ಥ ತಿನಬ್ಯಾಡ. ನೇಕಾರರ ಹುಡುಗಿ ನೀ, ಹಲ್ಲಿಲೆ ದಾರ ಕಡಿಯೂದು ಬಿಡು."

ಸುನಿತಾಳ ಕಿವಿಗೆ ಬಿದ್ದದ್ದು ತಾರೀಖು ಇಲ್ಲ ಎನ್ನುವುದೊಂದೇ. ಸ್ಕ್ಯಾನ್ ಮಾಡಿಸಿಕೊಳ್ಳದೆ ಬಸ್ ಹತ್ತಿದಳು.

ಊರಿಗೆ ಬರುತ್ತಲೇ ಅಂಬವ್ವ ಕಟ್ಟೆಯ ಮೇಲೆ ಕೂತು ಶುರುಮಾಡಿದಳು. ಆ ಹೊತ್ತಿಗೆ ಆಶಾ ಕಾರ್ಯಕರ್ತೆ ಗುಲಾಬಬಿ ಓಣಿಯ ಬಾಣಂತಿಯರನ್ನು ನೋಡಿಕೊಂಡು ಅತ್ತ ಬಂದಿದ್ದಳು.

"ಅಲ್ಲ ಗುಲಾಬಬಿ, ಗದ್ದ ಸರಿ ಮಾಡ್ರಿ ಅಂದ್ರ ಕಿವಿ ಮುಂದಿನ ಫೋಟೋ ತಗಸ್ರಿ ಅಂತಾರ. ಕಾಲು ನೋವು ಅಂದವರ ತಲಿಗೆ ಪಟ್ಟಿ ಕಟ್ಟಿದಂಗಾತಲ್ಲ ಇದು."

"ಹಂಗಲ್ರಿ ಅಂಬವ್ವಾರ. ವಾಲಿದ ಬಾಗಲಾ ಸರಿ ಮಾಡಾಕ ಬಡಿಗ್ಯಾ ಬಂದ್ರ ಮೊದಲ ಏನ್ ನೋಡತಾನ?"

"ಬಿಜಾಗರಿ ನೋಡತಾನ."

"ಗದ್ದಕ್ಕ ಬಿಜಾಗರಿ ಎಲ್ಲೈತಿ ಹೇಳ್ರಿ. ಕಿವಿ ಮುಂದ ಐತಿ. ಅದನ್ನ ನೋಡದ ಬಾಗಲಾ ಕೆತ್ತಿದ್ರ ನಾಳೆ ಮತ್ತ ವಾಲತೈತಿ."

ಅಂಬವ್ವ ಮೂಗು ಮುರಿದಳು. "ನಮ್ಮ ಬನಶ್ರೀಗೆ ಯಾರ ಬಿಜಾಗರಿ ನೋಡ್ಯಾರ? ಹೋದಳು, ಬಂದಳು."

ಅಷ್ಟು ಸಾಕಾಯಿತು ಸುನಿತಾಳಿಗೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈಗ ನೇಕಾರರ ಬುದ್ಧಿ ನೋಡಿ. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದಲ್ಲೇ ಬೆಳೆದವರು. ಮಗ್ಗ ಕಿರುಗುಟ್ಟಿದರೆ ನಾಲ್ಕು ಹನಿ ಎಣ್ಣೆ ಬಿಡುತ್ತಾರೆ, ಸಪ್ಪಳ ನಿಲ್ಲುತ್ತದೆ, ಕೆಲಸ ಸಾಗುತ್ತದೆ. ಅಂಬವ್ವ ಮೊಮ್ಮಗಳ ದವಡೆಯನ್ನೂ ಹಾಗೇ ತಿಳಿದಳು. "ಸಪ್ಪಳ ಅಲ್ಲೇನು ಅಡ್ಡ ಬಂದಿದ್ದು? ಸಪ್ಪಳ ನಿಂದ್ರಿಸಿದ್ರ ಡಾಕ್ಟರ್ ಬಾಯಿನೂ ಮುಚ್ಚತೈತಿ," ಎಂದು ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಕಿವಿಯ ಮುಂದೆ ತಿಕ್ಕಿದಳು. ಗದ್ದ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಜಗ್ಗಿದಳು. ಸುನಿತಾ ತನ್ನದೂ ಸೇರಿಸಿದಳು. ಹೊಸ ಮಗ್ಗ ನೇಯ್ದೂ ನೇಯ್ದೂ ಹದಕ್ಕೆ ಬರುವ ಹಾಗೆ ಕೀಲೂ ಹದಕ್ಕೆ ಬರಲಿ ಎಂದು ಖಡಕ್ ರೊಟ್ಟಿಯನ್ನು ಬೇಕಂತಲೇ ಎಡಗಡೆ ಅಗಿದಳು. ಸೀರೆಯ ಒಡಲಿನ ಹಾಸು ಎಳೆಗಳಿಗೆ ಸೆರಗಿನ ಹಾಸು ಎಳೆಗಳನ್ನು ಕೂಡಿಸಿ ಕೊಂಡಿ ಹಾಕುವುದು ಅವಳ ಕೆಲಸ. ರೇಷ್ಮೆ ಎಳೆಯ ತುದಿಗಳನ್ನು ಕತ್ತರಿ ಪಕ್ಕದಲ್ಲಿದ್ದರೂ ಎಡ ಹಲ್ಲಿನಿಂದಲೇ ಕಡಿದಳು. ನೋವಾದರೆ ಬನಶ್ರೀಯ ಮುಖ ನೆನೆಯುವಳು, ಮತ್ತಷ್ಟು ಕಡಿಯುವಳು.

ಒಂದು ಮುಂಜಾನೆ ಎದ್ದು ಬಾಯಿ ತೆರೆದಾಗ ಸಪ್ಪಳ ಬರಲಿಲ್ಲ. ಮತ್ತೊಮ್ಮೆ ತೆರೆದಳು. ಇಲ್ಲ.

"ಆಯಿ, ಸಪ್ಪಳ ಹೋತು."

"ನಾ ಹೇಳಿರ್ಲಿಲ್ಲೇನು? ಕುಸುಬಿ ಎಣ್ಣಿ ಅಂದ್ರ ಏನಂತ ತಿಳದಿ," ಎಂದು ಅಂಬವ್ವ ಬೀಗಿದಳು.

ಬಾಯಿ ಮೊದಲಿನಷ್ಟು ತೆರೆಯುತ್ತಿಲ್ಲ, ತೆರೆದರೆ ಗದ್ದ ಎಡಕ್ಕೆ ಎಳೆಯುತ್ತದೆ ಎನ್ನುವುದು ಸುನಿತಾಳಿಗೆ ಗೊತ್ತಾಯಿತು. ಎಣ್ಣೆ ತಿಕ್ಕಿದ್ದಕ್ಕೆ ಬಿಗಿದಿರಬೇಕು, ನಾಲ್ಕು ದಿನಕ್ಕೆ ಸಡಿಲಾದೀತು ಎಂದು ಸುಮ್ಮನಾದಳು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಬೆರಳಿನಿಂದ ಒಳಗೆ ತಳ್ಳಿ ನುಂಗಿದಳು. ಬನಶ್ರೀಯ ನಿಶ್ಚಯ ಮುಗಿದ ಮರುದಿನವೇ ಬಾಗಲಕೋಟೆಗೆ ಹೋಗಿ ಡಾಕ್ಟರ ಮುಂದೆ ನಿಂತು, ಕೇಳ್ರಿ, ಎಲ್ಲೈತಿ ಸಪ್ಪಳ, ತಾರೀಖು ಕೊಡ್ರಿ ಎನ್ನಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು.

ನಿಶ್ಚಯದ ದಿನ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಹುನಗುಂದದ ಬೀಗರು ಅಮೀನಗಡದ ಕರದಂಟು ತಂದಿದ್ದರು. ಉಡಿ ತುಂಬುವುದು ಮುಗಿದ ಮೇಲೆ ಮದುಮಗಳು ಮನೆಯವರಿಗೆ ಸಿಹಿ ತಿನ್ನಿಸಬೇಕು. ಬನಶ್ರೀ ಮೊದಲು ಅಂಬವ್ವನಿಗೆ ತಿನ್ನಿಸಿದಳು. ಆಮೇಲೆ ಒಂದು ದೊಡ್ಡ ತುಂಡು ಹಿಡಿದು ನೇರ ಸುನಿತಾಳ ಹತ್ತಿರ ಬಂದಳು.

"ಬಾಯಿ ತೆರಿ ಸುನಿ."

ಸುನಿತಾ ತೆರೆದಳು. ಕರದಂಟು ಹಲ್ಲಿಗೆ ತಾಗಿ ನಿಂತಿತು. ಇನ್ನಷ್ಟು ತೆರೆಯಲು ನೋಡಿದಳು. ಎಡಗಿವಿಯ ಮುಂದೆ ಗೂಟ ಹೊಡೆದ ಹಾಗೆ ನೋವಾಗಿ, ಕಣ್ಣಲ್ಲಿ ನೀರು ಬಂದು, ಮುಖ ಹಿಂದಕ್ಕೆ ಸರಿಯಿತು. ಕರದಂಟು ಜಮಖಾನೆಯ ಮೇಲೆ ಬಿತ್ತು.

ಅಂಗಳದಲ್ಲಿದ್ದವರೆಲ್ಲ ಇತ್ತ ತಿರುಗಿ ನೋಡಿದರು. ಮೂಲೆಯಲ್ಲಿ ಯಾರೋ ಹೆಂಗಸು ಮೆಲ್ಲಗೆ ಅಂದಳು, "ಹೊಟ್ಟಿಕಿಚ್ಚು ಅಂದ್ರ ಇದು ನೋಡ್ರಿ. ತಂಗಿ ಕೈಯಾಗಿನ ಸಿಹಿನೂ ಒಲ್ಲಳು."

ಸುನಿತಾ ಎದ್ದು ಒಳಗೋಡಿದಳು. ಆ ಮಾತು ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ. ಹೊಟ್ಟೆಕಿಚ್ಚು ಇದ್ದದ್ದು ನಿಜ, ಆದರೆ ಆ ಹೊತ್ತಿನಲ್ಲಿ ಅವಳು ಬಾಯಿ ತೆರೆಯಲೇಬೇಕೆಂದು ಪಟ್ಟ ಪಾಡೂ ನಿಜ. ಇದನ್ನು ಯಾರಿಗೆ ಹೇಳುವುದು?

ನಿಶ್ಚಯಕ್ಕೆ ಬಂದಿದ್ದ ಗುಲಾಬಬಿ ಹಿಂದೆಯೇ ಬಂದಳು. ಅವಳು ಸುನಿತಾಳ ಮುಖವನ್ನಲ್ಲ, ದವಡೆಯನ್ನು ನೋಡಿದ್ದಳು.

"ಇಲ್ಲಿ ಕುಂದ್ರು. ನಿನ್ನ ಮೂರು ಬೆರಳು ಒಂದರ ಮ್ಯಾಲ ಒಂದು ನಿಂದ್ರಿಸಿ ಹಲ್ಲಿನ ನಡುವ ಹಾಕು ನೋಡೂಣು."

ಒಂದು ಬೆರಳು ಹೋಯಿತು. ಎರಡನೆಯದು ಸಿಕ್ಕಿಬಿತ್ತು.

"ಯಾವಾಗಿಂದ ಹಿಂಗ?"

"ಸಪ್ಪಳ ನಿಂತಾಗಿಂದ್ರಿ, ಅಕ್ಕಾರ." ಸುನಿತಾ ಅಳುತ್ತಲೇ ಎಲ್ಲವನ್ನೂ ಹೇಳಿದಳು. ಎಣ್ಣೆ, ರೊಟ್ಟಿ, ದಾರ, ಡಾಕ್ಟರಿಗೆ ಹೇಳಿದ ಸುಳ್ಳು. "ನನಗ ಅಕೀ ಹಂಗ ಆಗಬೇಕಿತ್ರಿ. ಅಕೀಗೇನೂ ಕೇಳದ ತಾರೀಖು ಕೊಟ್ರು. ನನಗಷ್ಟ ನೂರೆಂಟು ಪರೀಕ್ಷೆ."

"ಯಾರಂದ್ರು ನನಗ ಕೇಳಿಲ್ಲಂತ?"

ಬಾಗಿಲಲ್ಲಿ ಬನಶ್ರೀ ನಿಂತಿದ್ದಳು. ಬೈಯಬೇಕೆಂದೇ ಬಂದವಳ ಮುಖ ಅದು, ಆದರೆ ಸುನಿತಾಳ ಬಾಯಲ್ಲಿ ಬೆರಳು ಸಿಕ್ಕಿಬಿದ್ದದ್ದನ್ನು ನೋಡಿದಾಗಲೇ ಬೈಗುಳ ಅಲ್ಲೇ ಉಳಿದಿತ್ತು. ಕೈಚೀಲ ತೆರೆದು ನೀಲಿ ಡಬ್ಬಿ ತೆಗೆದು ಸುನಿತಾಳ ತೊಡೆಯ ಮೇಲಿಟ್ಟಳು.

"ತೆರಿ."

ಒಳಗೆ ಬೆಂಡೋಲೆ ಇರಲಿಲ್ಲ. ಹಲ್ಲುಗಳ ಅಚ್ಚಿದ್ದ, ಗಾಜಿನಂತೆ ಪಾರದರ್ಶಕವಾದ ಒಂದು ಪ್ಲಾಸ್ಟಿಕ್ ತಟ್ಟೆ ಇತ್ತು. ಅಂಚು ಸವೆದಿತ್ತು.

"ಆಪರೇಷನ್ನಕಿಂತ ಮೊದಲ ಇದನ್ನ ಹಲ್ಲಿನ ಮ್ಯಾಲ ಹಾಕ್ಕೊಂಡು ಮಲಗತಿದ್ದೆ. ನನಗೂ ಕೀಲು ನೋಯತಿತ್ತು. ಎರಡು ಸರೆ ತಾರೀಖು ಮುಂದ ಹಾಕಿದ್ರು. ಅತ್ತಿ ಮನ್ಯಾಗ ಬರೇ ಗಂಜಿ, ಮೆತ್ತನ್ನ ಅನ್ನ. ನೀ ಫೋನ್ ಮಾಡಿದಾಗ ಖಡಕ್ ರೊಟ್ಟಿ ಮುರಿಯೂ ಸಪ್ಪಳ ಕೇಳಸ್ತಿತ್ತಲ್ಲ, ಆಗ ನಿನ್ನ ಮ್ಯಾಲ ಎಷ್ಟ ಹೊಟ್ಟಿ ಉರಿತಿತ್ತು ಅಂತಿ."

"ಮತ್ತ ಏನೂ ಆಗ್ಲಿಲ್ಲ ಅಂದ್ಯಲ್ಲ, ಎಲ್ಲರ ಮುಂದ?"

ಬನಶ್ರೀ ನೆಲ ನೋಡಿದಳು. "ಕೀಲಿನ ರೋಗ ಇತ್ತು ಅಂದ್ರ ಸಂಬಂಧ ಮುರೀತಾವ ಅಂದ್ಲು ಅವ್ವ. ಅದಕ್ಕ ಡಬ್ಬಿ ಯಾರ ಕೈಗೂ ಸಿಗಬಾರದಂತ ಚೀಲದಾಗ ಮುಚ್ಚಿಟ್ಟೆ. ನಿನಗಾದ್ರೂ ಹೇಳಬೇಕಿತ್ತು ನಾ."

ಗುಲಾಬಬಿ ಇಬ್ಬರನ್ನೂ ನೋಡಿದಳು. "ವಕೀಲರ ಮುಂದ, ಡಾಕ್ಟರ ಮುಂದ ಸುಳ್ಳು ಹೇಳಬಾರದು ಅಂತಾರ. ಒಬ್ಬಾಕಿ ಊರಿಗೆ ಹೇಳಿದಿ, ಒಬ್ಬಾಕಿ ಡಾಕ್ಟರಿಗೆ ಹೇಳಿದಿ. ಅಳೂದು ಸಾಕು, ನಾಳೆ ಮುಂಜಾನೆ ಬಸ್ಸಿಗೆ ಹೋಗೂಣು."

ಮರುದಿನ ಬನಶ್ರೀಯೂ ಜೊತೆಗೆ ಹೊರಟಳು, ಅಂಬವ್ವನೂ ಹಟ ಹಿಡಿದು ಬಂದಳು. ತನ್ನ ಎಣ್ಣೆಯ ಮೇಲೆ ಅವಳಿಗೆ ಇನ್ನೂ ನಂಬಿಕೆಯಿತ್ತು. ಈ ಸಲ ಸ್ಕ್ಯಾನ್ ಆಯಿತು. ಸುನಿತಾ ಒಂದನ್ನೂ ಬಿಡದೆ ಹೇಳಿದಳು. ಡಾಕ್ಟರ್ ಫರಹಾನಾ ಸಿಟ್ಟಾಗಲಿಲ್ಲ. ಕಂಪ್ಯೂಟರಿನ ಪರದೆಯನ್ನು ಅಂಬವ್ವನ ಕಡೆ ತಿರುಗಿಸಿದರು.

"ನೋಡ್ರಿ ಆಯಿ, ಕೆಳದವಡಿ ಎಲುಬು ಮ್ಯಾಲ ಹೋಗಿ ಕಿವಿ ಮುಂದ ಗುಂಡಗ ಮುಗಿತೈತಿ. ತಲಿ ಎಲುಬಿನ್ಯಾಗ ಅದಕ್ಕೊಂದು ತಗ್ಗು ಐತಿ. ಎರಡರ ನಡುವ ಒಂದು ಮೆತ್ತನ್ನ ಸಣ್ಣ ಗಾದಿ. ಬಾಯಿ ತೆರದ್ರ ಗುಂಡು ಮುಂದ ಜಾರತೈತಿ, ಗಾದಿನೂ ಅದರ ಜೋಡಿ ಜಾರಬೇಕು. ಬಲಗಡೆ ಹಂಗ ಐತಿ. ಎಡಗಡೆ ನೋಡ್ರಿ. ಗುಂಡು ಸಣ್ಣದೈತಿ, ಗಾದಿ ಮುಂದ ಸರದೈತಿ. ಮೊದಲ ಬಾಯಿ ತೆರೆದಾಗೆಲ್ಲ ಗುಂಡು ಹಾರಿ ಗಾದಿ ಮ್ಯಾಲ ಕೂಡತಿತ್ತು. ಅದ ಆ ಕಟಕ್ ಸಪ್ಪಳ."

"ಈಗ ಸಪ್ಪಳ ಇಲ್ಲಲ್ರಿ?" ಎಂದಳು ಅಂಬವ್ವ. "ಆರಾಮ ಆದಂಗ ಅಲ್ಲೇನ್ರಿ?"

"ನಿಮ್ಮ ಓಣ್ಯಾಗ ನಡಿಯೂ ಮಗ್ಗದ ಸಪ್ಪಳ ಒಮ್ಮಿಗೆ ನಿಂತ್ರ ನೀವು ಏನಂತೀರಿ?"

"ಎಳಿ ಹರೀತು ಅಂತೇವ್ರಿ." ಬಾಯಿಂದ ಮಾತು ಬಂದ ಮೇಲೆ ಅಂಬವ್ವನಿಗೆ ಅದು ತಿಳಿಯಿತು. ಸೆರಗು ಬಾಯಿಗೆ ಹಚ್ಚಿಕೊಂಡಳು.

"ಹಂಗ ಆಗೈತಿ. ಈಗ ಗುಂಡು ಗಾದಿ ಮ್ಯಾಲ ಹತ್ತಾಕ ಆಗವಲ್ದು. ಅದಕ್ಕ ಸಪ್ಪಳನೂ ಇಲ್ಲ, ಬಾಯಿನೂ ತೆರೆಯವಲ್ದು. ಇದನ್ನ ನೋಡದ ನಾ ಆಪರೇಷನ್ ಮಾಡಿದ್ದರ, ಮುಖ ನೆಟ್ಟಗಾದಂಗ ಕಂಡು ಆಮ್ಯಾಲ ದವಡಿ ಮತ್ತ ಸರಿಯೂ ಸಾಧ್ಯತೆ ಇತ್ತು. ನೋವು ಕಾಯಂ ಉಳಿಯೂ ಸಾಧ್ಯತೆನೂ ಇತ್ತು."

ಸುನಿತಾ ತನ್ನ ಕೈ ನೋಡಿಕೊಂಡಳು. ಕೊಂಡಿ ಹಾಕುವ ಕೈ. ಒಂದು ಕಡೆ ಕೊಂಡಿ ಸಡಿಲಾದರೆ ಎಷ್ಟು ಚೆಂದದ ಸೆರಗು ನೇಯ್ದರೂ ಸೀರೆ ಸೊಟ್ಟಗೆ ಬರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಹಂಗಾರ ನನಗ ಆಪರೇಷನ್ ಆಗೂದ ಇಲ್ಲೇನ್ರಿ?"

"ಆಗತೈತಿ. ಲಗೂನ ಬಂದಿ, ಚಲೋ ಆತು. ಮೊದಲ ಕೀಲಿಗೆ ವಿಶ್ರಾಂತಿ, ಹಲ್ಲಿನ ಮ್ಯಾಲ ಹಾಕೂ ತಟ್ಟಿ, ನಾವು ಹೇಳಿಕೊಟ್ಟಷ್ಟ ವ್ಯಾಯಾಮ. ಭಾಳ ಮಂದಿಗೆ ಇದರಿಂದನ ಬಾಯಿ ತೆರೀತೈತಿ. ಕೀಲು ಗಟ್ಟಿ ನಿಂತ ಮ್ಯಾಲ ತಾರೀಖು. ಮದವಿ ಒಳಗ ಅಂತ ಮಾತ್ರ ಕೇಳಬ್ಯಾಡ."

ಸುನಿತಾ ಕೇಳಲಿಲ್ಲ. ಅವಳಿಗೂ ಒಂದು ಡಬ್ಬಿ ಸಿಕ್ಕಿತು. ಬಣ್ಣ ಹಸಿರು. ಬನಶ್ರೀಯದು ನೀಲಿ, ತನಗೇಕೆ ಹಸಿರು ಎಂದು ಬಸ್ಸಿನಲ್ಲಿ ಒಂದು ಗಳಿಗೆ ಹೊಟ್ಟೆ ಚುರುಕ್ಕೆಂದಿತು. ಹುಟ್ಟುಗುಣ ಒಮ್ಮೆಲೇ ಹೋಗುತ್ತದೆಯೇ? ಈ ಸಲ ಅದನ್ನು ಬನಶ್ರೀಗೇ ಹೇಳಿದಳು, ಬನಶ್ರೀ ಊರು ಮುಟ್ಟುವ ತನಕ ನಕ್ಕಳು. ಮನೆಗೆ ಬಂದ ಬನಶ್ರೀ ಹುನಗುಂದದ ಹುಡುಗನಿಗೆ ಫೋನ್ ಮಾಡಿ ತನ್ನ ಕೀಲಿನ ವಿಷಯವನ್ನು ತಾನೇ ಹೇಳಿದಳು. ಆ ಕಡೆಯಿಂದ ಬಂದ ಉತ್ತರ ಇಷ್ಟೇ: "ನಮ್ಮವ್ವಗೂ ಮೊಣಕಾಲ ಕೀಲು ನೋಯತಾವ. ಅದಕ್ಯಾರು ಅಂಜತಾರ?"

ಮದುವೆಯ ದಿನ ಸುನಿತಾ ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟಿದ್ದಳು. ಗದ್ದ ಅಜ್ಜನದೇ. ಫೋಟೋದವನು ಮುಖ ಸ್ವಲ್ಪ ಬಲಕ್ಕೆ ತಿರುಗಿಸಿರಿ ಎಂದಾಗ, "ಇದ್ದಂಗ ತಗೀರಿ, ಆಪರೇಷನ್ ಆದ ಮ್ಯಾಲಿನ ಫೋಟೋದ ಜೋಡಿ ಇಟ್ಟು ನೋಡಾಕ ಬೇಕಾಗತೈತಿ," ಎಂದಳು. ಊಟದಲ್ಲಿ ಗೋಧಿ ಹುಗ್ಗಿ. ಬನಶ್ರೀ ಚಮಚ ತುಂಬಿ ಹಿಡಿದಳು. ಅಂದು ಮೂಲೆಯಲ್ಲಿ ಮಾತಾಡಿದ್ದ ಹೆಂಗಸೂ ಕತ್ತು ಚಾಚಿ ನೋಡುತ್ತಿದ್ದಳು. ಸುನಿತಾ ಬಾಯಿ ತೆರೆದಳು. ಮೆಲ್ಲಗೆ ತೆರೆಯಿತು, ನೆಟ್ಟಗೆ ತೆರೆಯಿತು. ಹುಗ್ಗಿ ಒಳಗೆ ಹೋಯಿತು.

ಕೆಲವು ತಿಂಗಳ ಮೇಲೆ ಬಾಗಲಕೋಟೆಯಿಂದ ಆಪರೇಷನ್ನಿನ ತಾರೀಖು ಬಂತು. ಸುನಿತಾ ಮೊದಲ ಫೋನ್ ಮಾಡಿದ್ದು ಹುನಗುಂದಕ್ಕೆ. ಅಂಬವ್ವನ ಕುಸುಬಿ ಎಣ್ಣೆ ಈಗ ಮಗ್ಗಕ್ಕೆ ಮತ್ತು ಬದನೆಕಾಯಿ ಪಲ್ಯಕ್ಕೆ ಮಾತ್ರ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ದವಡೆಯ ಆಪರೇಷನ್ನಿಗೆ ಕಾಯುವವರು ಇದ್ದರೆ ಅವರ ಕಿವಿಗೆ ಒಂದು ಮಾತು ಹಾಕಿ. ಕೀಲು ಕಟಕ್ ಎಂದವರಿಗೆಲ್ಲ ರೋಗವಿದೆ ಎಂದಲ್ಲ. ನೋವಿಲ್ಲದ ಸಪ್ಪಳ ಎಷ್ಟೋ ಜನರಿಗೆ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಡಾಕ್ಟರು ಕೇಳಿದಾಗ ಅದನ್ನು ಮುಚ್ಚಿಡಬೇಡಿ. ಕಿವಿಯ ಮುಂದಿನ ನೋವು, ಬೆಳಗಿನ ಬಿಗಿತ, ಇದ್ದಕ್ಕಿದ್ದಂತೆ ನಿಂತ ಸಪ್ಪಳ, ಎಲ್ಲ ಹೇಳಿ. ಕೀಲು ಪರೀಕ್ಷೆ ಮಾಡಬೇಕು ಎಂದರೆ ಮಾಡಿಸಿ, ಕಾಯಬೇಕು ಎಂದರೆ ಕಾಯಿರಿ. ಮನೆಯಲ್ಲಿ ಎಣ್ಣೆ ತಿಕ್ಕಿ ಗದ್ದ ಜಗ್ಗಬೇಡಿ. ನಿಮ್ಮ ಮೂರು ಬೆರಳು ನಿಮ್ಮ ಬಾಯಲ್ಲಿ ಮೊದಲು ಹಿಡಿಯುತ್ತಿದ್ದು ಈಗ ಹಿಡಿಯದಿದ್ದರೆ ತಡಮಾಡದೆ ಹಲ್ಲಿನ ದವಾಖಾನೆಗೆ ಹೋಗಿ.

ಪಕ್ಕದ ಮನೆಯವರಿಗೆ ಬೇಗ ಆಯಿತಲ್ಲ ಎಂದು ಹೊಟ್ಟೆ ಉರಿದರೆ, ಉರಿಯಲಿ, ಅದೂ ಮನುಷ್ಯರ ಗುಣವೇ. ಎದ್ದು ಹೋಗಿ ಅವರ ಡಬ್ಬಿಯಲ್ಲಿ ಏನಿದೆ ಎಂದು ಬಾಯಿಬಿಟ್ಟು ಕೇಳಿ. ಮತ್ತೆ ನಿಮ್ಮ ಹತ್ತಿರ ಅಂಥದ್ದೊಂದು ಡಬ್ಬಿ ಇದ್ದರೆ, ದಯಮಾಡಿ ತೆರೆದು ತೋರಿಸಿ. ಅದನ್ನು ನೋಡದೆ ಯಾರೋ ಒಬ್ಬಳು ಈಗ ಎಲ್ಲೋ ಕೂತು ಖಡಕ್ ರೊಟ್ಟಿ ಕಡಿಯುತ್ತಿರಬಹುದು.